ಅಪ್ಪನ ಚಹಾಕ್ಕೆ ಏನು ಹಾಕೋದು?

ಜಮಖಂಡಿಯ ಲ್ಯಾಬಿನಿಂದ ಅಪ್ಪನ ರಿಪೋರ್ಟ್ ವಾಟ್ಸಾಪ್‌ಗೆ ಬಂದಾಗ ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಆಫೀಸ್ ಕ್ಯಾಬ್ ಒಳಗೆ ಕೂತಿದ್ದೆ. ಎಚ್‌ಬಿಎ1ಸಿ 9.8. ಹಿಂದಿನ ಎರಡು-ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಅಂಕಿ ಅದು. 6.5 ಮುಟ್ಟಿದರೇ ಡಯಾಬಿಟಿಸ್. ಗಾಬರಿಯಾಗಿ ಫೋನ್ ಮಾಡಿದೆ. ಅಪ್ಪ ಹೊಲದಾಗಿದ್ದ.

"ಎಷ್ಟ್ ಬಂದೈತಿ?"

"ಒಂಬತ್ತು ಪಾಯಿಂಟ್ ಎಂಟು ಅಪ್ಪ."

ಒಂದು ಗಳಿಗೆ ಸುಮ್ಮನಿದ್ದು, "ಛಲೋ ರಿಕವರಿ ಐತೆಲ್ಲೋ!" ಅಂದ.

ಈ ಜೋಕಿಗೆ ನಗಬೇಕು ಅಂದ್ರೆ ನೀವು ಕಬ್ಬಿನ ಸೀಮೆಯವರಾಗಿರಬೇಕು. ನಮ್ಮೂರು ಹಿಪ್ಪರಗಿ. ಮಳೆಗಾಲದಲ್ಲಿ ಟಿವಿಯವರು ಹಿಪ್ಪರಗಿ ಬ್ಯಾರೇಜ್‌ನಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ಓದ್ತಾರಲ್ಲ, ಅದೇ ಊರು. ಮೊದಲು ಜಮಖಂಡಿ ತಾಲೂಕು, ಈಗ ರಬಕವಿ-ಬನಹಟ್ಟಿ. ಕೃಷ್ಣೆಯ ನೀರು ಹೊಲಕ್ಕೆ ಹತ್ತಿದ ಮೇಲೆ ಜೋಳದ ಹೊಲಗಳೆಲ್ಲ ಒಂದೊಂದಾಗಿ ಕಬ್ಬಾದವು. ಈಗ ಎತ್ತ ನೋಡಿದರೂ ಕಬ್ಬು, ಅದರ ಆಚೆ ಯಾವುದೋ ಸಕ್ಕರೆ ಫ್ಯಾಕ್ಟರಿಯ ಚಿಮಣಿ. ನೂರು ಕೆಜಿ ಕಬ್ಬು ಅರೆದರೆ ಎಷ್ಟು ಕೆಜಿ ಸಕ್ಕರೆ ಸಿಗುತ್ತೋ ಅದಕ್ಕೆ ರಿಕವರಿ ಅಂತಾರೆ. ಕೇಂದ್ರ ಸರ್ಕಾರ ಕಬ್ಬಿಗೆ ಎಫ್‌ಆರ್‌ಪಿ ದರ ಕಟ್ಟುವುದೂ ಅದರ ಮೇಲೆಯೇ. 2025-26ರ ಹಂಗಾಮಿಗೆ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. "ಫ್ಯಾಕ್ಟರ್ಯಾವ್ರು ನಮ್ಮ ಕಬ್ಬಿನಾಗ ರಿಕವರಿ ಇಲ್ಲ ಅಂತಾರ, ನನ್ನ ಮೈಯಾಗ ನೋಡು ಎಷ್ಟೈತಿ" ಅಂತ ಅಪ್ಪ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ. ಅವನಿಗೆ ಅಂಜಿಕೆಯಾದಾಗ ಹಿಂಗೇ ಜೋಕು ಮಾಡ್ತಾನೆ.

ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ ಅಂತ ಐಸಿಎಂಆರ್‌ನವರ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಓದಿದ್ದೆ, ಆಫೀಸ್ ಊಟದ ಟೇಬಲ್ ಮೇಲೆ ಚರ್ಚೆಯನ್ನೂ ಮಾಡಿದ್ದೆ. ಆ 10.1 ಕೋಟಿಯಲ್ಲಿ ಕಬ್ಬು ಬೆಳೆಯೋನೂ ಇರ್ತಾನೆ ಅಂತ ಯಾಕೋ ಹೊಳೆದಿರಲಿಲ್ಲ.

ಡಾಕ್ಟರು ಗುಳಿಗೆ ಬರೆದುಕೊಟ್ಟರು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಕೂಡಿದ್ದು, ಬೆಳಿಗ್ಗೆ ಒಂದು, ರಾತ್ರಿ ಒಂದು. ಸಿಹಿ ಬಿಡ್ರಿ, ನಡೀರಿ, ಅಂದರು. ನಡೆಯುವುದು ಅಪ್ಪನಿಗೆ ಹೇಳಬೇಕಾಗಿಯೇ ಇರಲಿಲ್ಲ. ಕಷ್ಟ ಇದ್ದದ್ದು ಚಹಾದ್ದು.

ನಮ್ಮ ಕಡೆ ಚಹಾ ಅಂದ್ರೆ ಹಾಲು, ಪುಡಿ, ಸಕ್ಕರೆ ಮೂರನ್ನೂ ಒಟ್ಟಿಗೆ ಹಾಕಿ ಬಣ್ಣ ಬದಲಾಗೋತನಕ ಕುದಿಸೋದು. ಸಕ್ಕರೆ ಕಡಿಮೆ ಬಿದ್ದರೆ ಆ ಮನೆಯವರು ಜಿಪುಣರು. ಅಪ್ಪನ ಲೆಕ್ಕ ದಿನಕ್ಕೆ ಏಳು ಕಪ್, ಕಪ್ಪಿಗೆ ಎರಡು ಚಮಚ. ಚಮಚಕ್ಕೆ 5 ಗ್ರಾಂ ಹಿಡಿದರೆ ದಿನಕ್ಕೆ 70 ಗ್ರಾಂ. ವರ್ಷಕ್ಕೆ 25 ಕೆಜಿ, ಅಂದರೆ ಅರ್ಧ ಚೀಲ ಸಕ್ಕರೆ, ಬರೀ ಚಹಾದಲ್ಲಿ. ಈ ಲೆಕ್ಕ ಹೇಳಿದಾಗ ಅಪ್ಪ, "ನಾ ಕೊಟ್ಟದ್ರಾಗ ಅರ್ಧ ಚೀಲ ವಾಪಸ್ ತಗೊಂಡ್ರ ತಪ್ಪೇನು?" ಅಂದ.

ಮಗ ಇಂಜಿನಿಯರ್ ಆದರೆ ಇದೊಂದು ತಾಪತ್ರಯ, ಏನೇ ಕಷ್ಟ ಬಂದರೂ ಮೊದಲು ಎಕ್ಸೆಲ್ ಶೀಟ್ ತೆರೀತಾನೆ. ನಾನೂ ತೆರೆದೆ. ಹೆಸರು, ಎಷ್ಟು ಪಟ್ಟು ಸಿಹಿ, ಕುದಿಸಿದರೆ ತಡೆಯುತ್ತಾ, ಬಾಯಿಗೆ ಹೇಗೆ, ಯಾರು ಏನು ಅಂತಾರೆ ಅಂತ ಕಾಲಂ ಎಳೆದೆ.

ಊರಿಗೆ ಹೋದ ದಿನವೇ ಮೊದಲ ಸಲಹೆ ಕಟ್ಟೆಯ ಮೇಲೆ ಸಿಕ್ಕಿತು. "ಸಕ್ರಿ ಬಿಡಸ್ರಿ, ಬೆಲ್ಲಾ ಕೊಡ್ರಿ. ಬೆಲ್ಲಕ್ಕ ಏನೂ ಆಗೂದಿಲ್ಲ." ಹೇಳಿದವರು ಸುಮ್ಮನೆ ಹೇಳಿದ್ದಲ್ಲ. ನಮ್ಮ ಪಕ್ಕದ ಮಹಾಲಿಂಗಪುರ ಬೆಲ್ಲದ ಪೇಟೆಗೇ ಹೆಸರುವಾಸಿ. ಸಣ್ಣವನಿದ್ದಾಗ ನಮ್ಮ ಹೊಲದಲ್ಲೂ ಗಾಣ ಹೂಡುತ್ತಿದ್ದರು. ಕಬ್ಬಿನ ಹಾಲು ದೊಡ್ಡ ಕಡಾಯಿಯಲ್ಲಿ ಕುದಿಯುವಾಗ ಬೆಂಡಿ ಗಿಡದ ಲೋಳೆ ಹಾಕಿ ಮೇಲೆ ಬಂದ ಕೊಳೆ ತೆಗೆಯುತ್ತಿದ್ದರು. ಪಾಕ ಹದಕ್ಕೆ ಬಂತಾ ಅಂತ ನೋಡಲು ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡೋರು, ಆ ಉಂಡೆ ನಮ್ಮ ಬಾಯಿಗೆ. ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಹತ್ತಿಸಿಕೊಂಡು ನೆಕ್ಕಿದ ರುಚಿ ನೆನಪಾದರೆ ಈಗಲೂ ಬಾಯಲ್ಲಿ ನೀರು ಬರುತ್ತೆ. ಅಂಥ ಬೆಲ್ಲದ ಬಗ್ಗೆ ಕೆಟ್ಟದ್ದು ಬರೆಯೋಕೆ ಕೈ ಬರುವುದಿಲ್ಲ. ಆದರೆ ಬೆಲ್ಲದಲ್ಲಿ ನೂರಕ್ಕೆ ಸುಮಾರು 65ರಿಂದ 85 ಪಾಲು ಅದೇ ಸುಕ್ರೋಸ್, ಅಂದರೆ ಸಕ್ಕರೆಯೇ. ಉಳಿದದ್ದು ಒಂದಿಷ್ಟು ಗ್ಲುಕೋಸ್-ಫ್ರಕ್ಟೋಸ್, ನೀರು, ಸ್ವಲ್ಪ ಕಬ್ಬಿಣ, ಖನಿಜ. ಆ ಕಬ್ಬಿಣಕ್ಕಾಗಿ ತಿನ್ನಬೇಕೆಂದರೆ ದಿನಕ್ಕೆ ತಿನ್ನಬೇಕಾದ ಬೆಲ್ಲದಲ್ಲಿ ಶುಗರ್ ಪೇಷಂಟ್ ಆಸ್ಪತ್ರೆ ಸೇರ್ತಾನೆ. ಬೆಂಗಳೂರಲ್ಲೂ ಇದೇ ಕತೆ. ನಮ್ಮ ಆಫೀಸ್ ಕೆಳಗಿನ ಕೆಫೆಯಲ್ಲಿ ಆರ್ಗ್ಯಾನಿಕ್ ಬೆಲ್ಲದ ಕಾಫಿಗೆ ನಲವತ್ತು ರೂಪಾಯಿ ಜಾಸ್ತಿ ಕೊಟ್ಟು, ಶುಗರ್ ಬಿಟ್ಟೆ ಅಂತ ಸ್ಟೇಟಸ್ ಹಾಕೋರಿದ್ದಾರೆ. ಜೇನುತುಪ್ಪ, ಖರ್ಜೂರದ ಲಾಡು, ತೆಂಗಿನ ಸಕ್ಕರೆ ಎಲ್ಲವೂ ಇದೇ ಮನೆತನದವು. ಡಬ್ಬಿಯ ಮೇಲೆ "ಸಕ್ಕರೆ ಸೇರಿಸಿಲ್ಲ" ಅಂತ ಬರೆದಿದ್ದರೆ ಅದರ ಅರ್ಥ ಅವರು ಸೇರಿಸಿಲ್ಲ ಅಂತ ಮಾತ್ರ.

ಬೆಲ್ಲ ಶೀಟಿನಿಂದ ಹೊರಗೆ ಹೋಯಿತು. ಕಟ್ಟೆಯವರು ನನ್ನನ್ನು "ನಾಕ್ ಅಕ್ಷರ ಕಲ್ತಾನ" ಅನ್ನೋ ಹಾಗೆ ನೋಡಿದರು.

ಆಮೇಲೆ ಗುಳಿಗೆಗಳ ಸರದಿ. ಎಲ್ಲಕ್ಕಿಂತ ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಫಾಲ್‌ಬರ್ಗ್ ಅನ್ನೋರು ಲ್ಯಾಬಿನಿಂದ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತಾಗ ರೊಟ್ಟಿ ಸಿಹಿಯಾಗಿತ್ತಂತೆ. ನಮ್ಮ ಓಣಿಯ ಮಾಸ್ತರರೊಬ್ಬರು ಅಂಗಿ ಕಿಸೆಯಲ್ಲಿ ಸಣ್ಣ ಡಬ್ಬಿ ಇಟ್ಟುಕೊಂಡು, ಚಹಾ ಬಂದರೆ ಸಾಸಿವೆಯಂಥ ಗುಳಿಗೆ ಹಾಕಿಕೊಳ್ಳುತ್ತಿದ್ದದ್ದು ನೆನಪಿದೆ. ಕುಡಿದ ಮೇಲೆ ಮುಖ ಕಿವುಚುತ್ತಿದ್ದರು. ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂತು ಅಂತ 70ರ ದಶಕದಲ್ಲಿ ಅದರ ಮೇಲೆ ದೊಡ್ಡ ಗದ್ದಲವಾಯಿತು. ಮನುಷ್ಯರಿಗೆ ಅದು ಅನ್ವಯಿಸಲ್ಲ ಅಂತ ಆಮೇಲೆ ತಿಳಿದು, 2000ದಲ್ಲಿ ಅಮೆರಿಕದಲ್ಲಿ ಎಚ್ಚರಿಕೆಯ ಚೀಟಿಯನ್ನೇ ತೆಗೆದರು. ಆದರೆ ಆ ಕಹಿ ಬಾಲ ಮಾತ್ರ ಹೋಗಲಿಲ್ಲ.

ಆಸ್ಪರ್ಟೇಮ್ ಬಾಯಿಗೆ ಛಲೋ, ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ತೊಂದರೆ ಎರಡು. ಅದನ್ನು ಕುದಿಸಿದರೆ ಸಿಹಿ ಸತ್ತುಹೋಗುತ್ತೆ, ನಮ್ಮ ಚಹಾ ಕುದಿಯದೆ ಚಹಾ ಆಗುವುದಿಲ್ಲ. ಎರಡನೆಯದು, 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನೋ 2ಬಿ ಪಟ್ಟಿಗೆ ಸೇರಿಸಿದ್ದು ಅಪ್ಪನ ಕಿವಿಗೂ ಬಿದ್ದಿತ್ತು. ಅದೇ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ, ದಿನದ ಮಿತಿಯನ್ನು ಮೈತೂಕದ ಕೆಜಿಗೆ 40 ಮಿಲಿಗ್ರಾಂ ಅಂತ ಮೊದಲಿನಷ್ಟೇ ಉಳಿಸಿದ್ದಾರೆ, 70 ಕೆಜಿ ಮನುಷ್ಯ ಅದನ್ನು ದಾಟಬೇಕಾದರೆ ದಿನಕ್ಕೆ ಒಂಬತ್ತಕ್ಕಿಂತ ಜಾಸ್ತಿ ಡಯಟ್ ಕೋಲಾ ಕ್ಯಾನ್ ಕುಡಿಯಬೇಕು ಅಂತ ವಿವರಿಸಿದೆ. ಅಪ್ಪ ಎಲ್ಲ ಕೇಳಿ, "ಕ್ಯಾನ್ಸರ್ ಅನ್ನೂ ಮಾತು ಬಂದ್ರ ಬ್ಯಾಡಪ" ಅಂದ. ಅಂಕಿ-ಅಂಶ ಗೆದ್ದರೂ ಚಹಾ ಸೋತ ಕೇಸು ಅದು.

ನನ್ನ ಮನಸ್ಸು ಇದ್ದದ್ದು ಸ್ಟೀವಿಯಾ ಮೇಲೆ. ಎಲೆಯಿಂದ ಬಂದದ್ದು, ಪರಾಗ್ವೆಯ ಮೂಲನಿವಾಸಿಗಳು ಮೊದಲಿಂದ ಬಳಸಿದ್ದು, ನಮ್ಮ ಎಫ್‌ಎಸ್‌ಎಸ್‌ಎಐ 2015ರಲ್ಲಿ ಒಪ್ಪಿಗೆ ಕೊಟ್ಟದ್ದು. ಹಸಿರು ಬಣ್ಣದ ಪ್ಯಾಕೆಟ್ ನೋಡಿದರೇ ಅರ್ಧ ಶುಗರ್ ಇಳಿದಂತಾಗುತ್ತೆ. ಮೂರು ಕಂಪನಿಯದ್ದು ತರಿಸಿದೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಒಂದರಲ್ಲಿ ಮೊದಲ ಹೆಸರು ಎರಿಥ್ರಿಟಾಲ್, ಇನ್ನೊಂದರಲ್ಲಿ ಮಾಲ್ಟೊಡೆಕ್ಸ್‌ಟ್ರಿನ್. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರೋದೇ ಮೊದಲು ಬರುತ್ತೆ. ಅಂದರೆ ಮುಂದೆ ಎಲೆಯ ಚಿತ್ರ, ಒಳಗೆ ಹೆಚ್ಚಿಗೆ ಬೇರೇನೋ. ಸ್ಟೀವಿಯಾ ಸಾರ ಸಕ್ಕರೆಗಿಂತ 200-300 ಪಟ್ಟು ಸಿಹಿ. ಚಮಚದಲ್ಲಿ ಅಳೆಯೋ ಹಾಗೆ ಮಾಡಬೇಕಾದರೆ ಏನನ್ನಾದರೂ ತುಂಬಲೇಬೇಕು. ಮಾಲ್ಟೊಡೆಕ್ಸ್‌ಟ್ರಿನ್ ಪಿಷ್ಟದಿಂದ ಮಾಡಿದ್ದು, ರಕ್ತಕ್ಕೆ ಬೇಗ ಗ್ಲುಕೋಸ್ ಆಗಿ ಸೇರುತ್ತೆ. ಎರಿಥ್ರಿಟಾಲ್ ಶುಗರ್ ಏರಿಸಲ್ಲ, ಆದರೆ ರಕ್ತದಲ್ಲಿ ಅದು ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಕಂಡವು ಅಂತ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2023ರಲ್ಲಿ ಬರೆದರು. ನಮ್ಮ ಮೈಯೇ ಸ್ವಲ್ಪ ಎರಿಥ್ರಿಟಾಲ್ ಮಾಡಿಕೊಳ್ಳುತ್ತೆ, ಹಾಗಾಗಿ ತಿಂದದ್ದೇ ಕಾರಣ ಅಂತ ಅದರಿಂದ ಸಾಬೀತಾಗಲ್ಲ. ಆದರೆ ಅಪ್ಪನಿಗೆ ಬಿಪಿ ಇದೆ, ಬೇರೆ ದಾರಿ ಇರುವಾಗ ಇದ್ಯಾಕೆ ಅಂತ ಬಿಟ್ಟೆ. ಉಳಿದ ಮೂರನೆಯದು ಶುದ್ಧ ಹನಿ. ಅವ್ವ ಚಹಾಕ್ಕೆ ಎರಡು ಹನಿ ಹಾಕಿ ಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟ.

"ಜ್ಯೇಷ್ಠಮಧು ಕುದಿಸಿದಂಗ ಐತಿ. ನನಗ ಕೆಮ್ಮೇನೂ ಬಂದಿಲ್ಲ."

ಕೊನೆಗೆ ಸುಕ್ರಲೋಸ್. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಬಿಸಿ ಚಹಾಕ್ಕೆ ತಡೆಯುತ್ತೆ, ಬಾಲ ಇಲ್ಲ. ಇದರ ಕತೆ ನನಗೆ ಬಹಳ ಇಷ್ಟ. 1976ರಲ್ಲಿ ಲಂಡನ್‌ನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಶಶಿಕಾಂತ ಫಡ್ನಿಸ್ ಅನ್ನೋ ನಮ್ಮ ದೇಶದ ಹುಡುಗ ಸಕ್ಕರೆಗೆ ಕ್ಲೋರಿನ್ ಸೇರಿಸಿದ ಒಂದು ಪುಡಿ ಮಾಡಿದ್ದ. ಮೇಲಿನವರು "ಟೆಸ್ಟ್ ಮಾಡು" ಅಂದದ್ದು ಇವನಿಗೆ "ಟೇಸ್ಟ್ ಮಾಡು" ಅಂತ ಕೇಳಿಸಿ, ನಾಲಿಗೆ ಮೇಲೆ ಇಟ್ಟುಕೊಂಡ. ಇಂಗ್ಲಿಷ್ ಮೀಟಿಂಗ್‌ಗಳಲ್ಲಿ ಅರ್ಧ ಕೇಳಿಸಿಕೊಂಡು ತಲೆ ಆಡಿಸುವ ನನ್ನಂಥವರಿಗೆಲ್ಲ ಆ ಮನುಷ್ಯ ಕುಲದೇವರು.

ಅಪ್ಪನಿಗೆ ಹಿಡಿಸಿದ್ದು ಬೇರೆ. "ಏನರಿಂದ ಮಾಡ್ತಾರ ಇದನ್ನ?" ಅಂತ ಕೇಳಿದ.

"ಸಕ್ಕರಿಯಿಂದನ. ಸಕ್ಕರಿ ಕಣದಾಗ ಮೂರು ಕಡೆ ಬದಲಿ ಮಾಡಿ ಕ್ಲೋರಿನ್ ಕೂಡಸ್ತಾರ. ಮೈಗೆ ಅದು ಸಕ್ಕರಿ ಅಂತ ಗುರ್ತ ಸಿಗೂದಿಲ್ಲ, ಬಹಳಷ್ಟು ಹಂಗ ಹೊರಗ ಹೋಗ್ತೈತಿ."

"ಅಂದ್ರ ಇದೂ ಸಕ್ರಿ ಮಗನ?"

"ಹೂಂ."

"ಹಂಗಾರ ನಡೀತೈತಿ." ಎರಡನೇ ಕಪ್ ತರಿಸಿ ಕುಡಿದ.

ನನ್ನ ಶೀಟಿನ ಯಾವ ಕಾಲಂನಲ್ಲೂ ಇಲ್ಲದ ಕಾರಣಕ್ಕೆ ಆಯ್ಕೆ ಮುಗಿಯಿತು. ಕಬ್ಬಿನ ಕುಲಕ್ಕೆ ದ್ರೋಹವಾಗದ ಒಂದು ಗುಳಿಗೆ ಅವನಿಗೆ ಬೇಕಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ನಿಲ್ಲಿಸಲಿಲ್ಲ. ಮಾಡಿದರೆ ಪೂರ್ತಿ ಮಾಡಬೇಕು ಅಂತ ಅಡುಗೆಮನೆಗೆ ನುಗ್ಗಿದೆ. ಸಕ್ಕರೆ ಡಬ್ಬಿ, ಅಟ್ಟದ ಮೇಲಿದ್ದ ಬೆಲ್ಲದ ಪೆಂಟಿ, ಜೇನುತುಪ್ಪದ ಬಾಟಲಿ, ಮೊಮ್ಮಕ್ಕಳಿಗೆ ಅಂತ ಇಟ್ಟಿದ್ದ ಚಾಕಲೇಟು, ಎಲ್ಲ ಒಂದು ಚೀಲಕ್ಕೆ ತುಂಬಿ ಪಕ್ಕದ ಮನೆಯ ಕಾಕುಗೆ ಕೊಟ್ಟುಬಂದೆ. ಬಾಳೆಹಣ್ಣು ತರಬ್ಯಾಡ ಅಂದೆ. ಅವ್ವ, "ಬಂದ್ ಮಂದಿಗೆ ಏನ್ ಹಾಕ್ಲೋ?" ಅಂದಳು. "ಅವರಿಗೂ ಗುಳಿಗೀನ ಹಾಕು, ಛಲೋನ ಐತಿ." ಒಂದು ಗ್ಲುಕೋಮೀಟರ್ ಇಟ್ಟು, ಅಪ್ಪನಿಗೆ ಎರಡು ಸಲ ತೋರಿಸಿಕೊಟ್ಟು, ರಾತ್ರಿಯ ಸ್ಲೀಪರ್ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಬಹಳ ಸಮಾಧಾನದ ನಿದ್ದೆ ಬಂತು ಅಂತ ನೆನಪು.

ಅಪ್ಪ ಮಾತು ಉಳಿಸಿಕೊಂಡ. ಚಹಾ ಪೂರ್ತಿ ಗುಳಿಗೆಯದಾಯಿತು. ಅನ್ನ ಅರ್ಧ ಮಾಡಿದ. ಬೆಳಗಿನ ಶುಗರ್ 190 ಇದ್ದದ್ದು 140ಕ್ಕೆ, ಆಮೇಲೆ 110ಕ್ಕೆ ಬಂತು. ದಿನಾ ಅಂಕಿ ಕಳಿಸುತ್ತಿದ್ದ. ನಾನು ಗ್ರಾಫ್ ಮಾಡಿ ಫ್ಯಾಮಿಲಿ ಗ್ರೂಪ್‌ಗೆ ಹಾಕುತ್ತಿದ್ದೆ. ಡಾಕ್ಟರಿಗೆ ಒಂದು ಮಾತು ಹೇಳಬೇಕು ಅಂತ ನಮ್ಮಿಬ್ಬರಿಗೂ ಅನಿಸಲಿಲ್ಲ. ಅವರು ಗುಳಿಗೆ ಬರೆದದ್ದು ದಿನಕ್ಕೆ 70 ಗ್ರಾಂ ಸಕ್ಕರೆ ಕುಡಿಯುತ್ತಿದ್ದ, ತಟ್ಟೆ ತುಂಬ ಅನ್ನ ಉಣ್ಣುತ್ತಿದ್ದ ಮನುಷ್ಯನ ರಿಪೋರ್ಟ್ ನೋಡಿ. ಆ ಮನುಷ್ಯ ಈಗ ಇರಲಿಲ್ಲ, ಗುಳಿಗೆ ಮಾತ್ರ ಅಷ್ಟೇ ಇತ್ತು.

ಜನವರಿ. ಕಟಾವಿನ ಹಂಗಾಮು. ಕಡಿಯುವ ಗ್ಯಾಂಗು ನಮ್ಮ ಹೊಲಕ್ಕೆ ಬರಲು ಮೂರು ವಾರ ಕಾದು, ಆವತ್ತು ಬಂದಿದ್ದರು. ಅಪ್ಪ ಸಂಜೆ ಮನೆಗೆ ಬಂದು, ರಾತ್ರಿ ಗುಳಿಗೆ ನುಂಗಿ ಊಟಕ್ಕೆ ಕೂಡುವಷ್ಟರಲ್ಲಿ ಫೋನು: ಟ್ರೇಲರ್ ಲೋಡಾಗಿದೆ, ಹಗ್ಗ ಬಿಗಿಯಬೇಕು. ರೊಟ್ಟಿಯ ತಟ್ಟೆ ಬಿಟ್ಟು ಹೋದ. ವಾಪಸ್ ಬಂದದ್ದು ಹತ್ತೂವರೆಗೆ. ಜನವರಿಯ ಥಂಡಿಯಲ್ಲಿ ಅಂಗಿ ತೊಯ್ದು ಮೈಗೆ ಅಂಟಿತ್ತಂತೆ. ಕೈ ನಡುಗುತ್ತಿತ್ತು. ಅವ್ವನನ್ನು ನಮ್ಮ ಅತ್ತೆಯ ಹೆಸರು ಹಿಡಿದು ಕರೆದ.

ಅವ್ವನಿಗೆ ಡಾಕ್ಟರ ಮಾತು ನೆನಪಿತ್ತು. ನಡುಕ, ಬೆವರು ಬಂದರೆ ತಡಮಾಡದೆ ಸಿಹಿ ಏನಾದರೂ ಕೊಡ್ರಿ. ಓಡಿಹೋಗಿ ಚಹಾ ಮಾಡಿದಳು. ಒಂದು ಗುಳಿಗೆ ಹಾಕುವಲ್ಲಿ ನಾಲ್ಕು ಹಾಕಿದಳು, ಜಾಸ್ತಿ ಸಿಹಿಯಾಗಲಿ ಅಂತ.

ಅಪ್ಪ ಕುಡಿದ. ಏನೂ ಆಗಲಿಲ್ಲ. ಇನ್ನೊಂದು ಕಪ್ ಕೊಟ್ಟಳು. ಅದಕ್ಕೆ ಐದು.

ಆಮೇಲೆ ನನಗೆ ಫೋನ್ ಬಂತು. ಆವತ್ತು ನಮ್ಮದೊಂದು ರಿಲೀಸ್ ಇತ್ತು, ಎಚ್ಚರವಾಗಿಯೇ ಇದ್ದೆ. "ಬಾಳ ಸಿಹಿ ಮಾಡಿ ಎರಡ್ ಕಪ್ ಕುಡಿಸೀನಿ, ಇನ್ನೂ ನಡಗಾಕತ್ತಾನ" ಅಂದಳು. ಆ ವಾಕ್ಯ ತಲೆಯೊಳಗೆ ಇಳಿಯೋಕೆ ಎರಡು-ಮೂರು ಸೆಕೆಂಡು ಬೇಕಾಯಿತು. ಆಮೇಲೆ ಕುರ್ಚಿಯಿಂದ ಎದ್ದು ನಿಂತದ್ದು ನೆನಪಿದೆ.

"ಅವ್ವಾ, ಗುಳಿಗಿ ಬ್ಯಾಡ! ಸಕ್ರಿ ಕೊಡು, ಖರೇ ಸಕ್ರಿ!"

"ಸಕ್ರಿ ಎಲ್ಲೈತೋ ಮನ್ಯಾಗ? ನೀನ ಒಯ್ದ ಕೊಟ್ಟೆಲ್ಲ."

ಹೊರಗೆ ಅಂಗಳದಲ್ಲಿ ಟ್ರೇಲರ್ ತುಂಬ ಕಬ್ಬು ನಿಂತಿತ್ತು. ಸುತ್ತ ಹತ್ತು ಹರದಾರಿ ಕಬ್ಬು. ಆ ಮನೆಯ ಅಡುಗೆಮನೆಯಲ್ಲಿ ಒಂದು ಚಮಚ ಸಕ್ಕರೆ ಇರಲಿಲ್ಲ.

ಅವ್ವ ಗೋಡೆಯಾಚೆಗೆ ಕೂಗಿದಳು. ಕಾಕು ಬೆಲ್ಲದ ದೊಡ್ಡ ತುಂಡು ಹಿಡಿದುಕೊಂಡು ಬಂದರು. ನಾನು ಕೊಟ್ಟುಬಂದಿದ್ದ ಪೆಂಟಿಯದೇ, ಅರ್ಧ ಅವರು ಇನ್ನೂ ಖರ್ಚು ಮಾಡಿರಲಿಲ್ಲ. ಅಪ್ಪನಿಗೆ ಎಚ್ಚರವಿತ್ತು, ನುಂಗಲು ಬರುತ್ತಿತ್ತು. ನೀರಲ್ಲಿ ಕರಗಿಸಿ ಕುಡಿಸಿದರು. ಕಾಕುನ ಹೈಸ್ಕೂಲು ಓದುವ ಮಗ ಗ್ಲುಕೋಮೀಟರ್ ಹಚ್ಚಿ ನೋಡಿದ, 52. ನಾನು ಫೋನ್ ಇಡಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ನೋಡು ಅಂದೆ. 81. ಅಪ್ಪ ಮೊದಲು ಆಡಿದ ಮಾತು ನನಗೆ ಫೋನಿನಲ್ಲಿ ಕೇಳಿಸಿತು: "ಹಗ್ಗ ಸರಿ ಬಿಗದಿಲ್ಲ ಆ ಹುಡುಗ್ರು."

ಆಮೇಲೆ ಎರಡು ರೊಟ್ಟಿ ಉಂಡ. ಆ ಗುಳಿಗೆಯ ಪ್ರಭಾವ ತಾಸುಗಟ್ಟಲೆ ಇರುತ್ತೆ, ಒಮ್ಮೆ ಏರಿದ್ದು ಮತ್ತೆ ಇಳಿಯಬಹುದು ಅಂತ ಓದಿ, ರಾತ್ರಿ ಎರಡು ಗಂಟೆಗೆ ಮತ್ತೆ ಎಬ್ಬಿಸಿ ನೋಡಿಸಿದೆ. ಅವ್ವ ಬೆಳಗಿನತನಕ ಮಲಗಲಿಲ್ಲ. ನಾನೂ ಇಲ್ಲ. ರಿಲೀಸ್ ಏನಾಯಿತು ಅಂತ ಮರುದಿನ ಬೇರೆಯವರಿಂದ ಕೇಳಿ ತಿಳಿದೆ.

ನಾನು ಹತ್ತು ವರ್ಷದಿಂದ ಕೋಡ್ ಬರೀತಿದೀನಿ. ಹಳೆಯ ಫಂಕ್ಷನ್ ಒಂದನ್ನು ತೆಗೆದು ಹೊಸದು ಇಡುವಾಗ ಅದನ್ನು ಎಲ್ಲೆಲ್ಲಿಂದ ಕರೀತಿದ್ದಾರೆ ಅಂತ ಹುಡುಕದೆ ಕೈ ಹಚ್ಚಬಾರದು, ಇದು ಮೊದಲ ವರ್ಷದ ಹುಡುಗರಿಗೂ ನಾನೇ ಹೇಳೋ ಮಾತು. ಸಕ್ಕರೆ ನಮ್ಮ ಮನೆಯಲ್ಲಿ ರುಚಿಯ ಕೆಲಸ ಮಾಡುತ್ತಿತ್ತು, ಜೀವ ಹಿಡಿಯುವ ಕೆಲಸವನ್ನೂ ಮಾಡಬೇಕಿತ್ತು. ನಾನು ಮೊದಲನೆಯದನ್ನು ಮಾತ್ರ ನೋಡಿ ಬದಲಿ ಇಟ್ಟೆ. ಆ ಬದಲಿಯ ಗುಣವೇ ಅದು, ನಾಲಿಗೆಗೆ ಸಕ್ಕರೆ, ರಕ್ತಕ್ಕೆ ಏನೂ ಅಲ್ಲ. ಅದಕ್ಕೇ ಅದನ್ನು ಆರಿಸಿದ್ದು. ಆ ರಾತ್ರಿ ಮೋಸ ಮಾಡಿದ್ದೂ ಅದೇ ಗುಣ.

ಡಾಕ್ಟರ ಹತ್ತಿರ ಹೋದಾಗ ಎಲ್ಲ ಹೇಳಿದೆವು. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ರಾತ್ರಿಯ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ತೆಗೆದು ಬರೀ ಮೆಟ್‌ಫಾರ್ಮಿನ್ ಉಳಿಸಿದರು, ಅದೊಂದೇ ಇದ್ದರೆ ಶುಗರ್ ಹಿಂಗೆ ಕುಸಿಯುವುದು ಅಪರೂಪ. ಊಟ ಬದಲಿಸಿದರೆ ನನಗೆ ಹೇಳಿ ಬದಲಿಸ್ರಿ ಅಂದರು. ಅವ್ವನ ಕಡೆ ತಿರುಗಿ ನಿಧಾನಕ್ಕೆ ಹೇಳಿದರು: 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ಇಲ್ಲಾ ಗ್ಲುಕೋಸ್ ಪುಡಿ ನೀರಲ್ಲಿ ಹಾಕಿ ಕೊಡ್ರಿ, ಅಂದರೆ 15 ಗ್ರಾಂ. 15 ನಿಮಿಷ ಬಿಟ್ಟು ನೋಡ್ರಿ, ಏರದಿದ್ದರೆ ಮತ್ತೆ ಅಷ್ಟೇ. ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಬರ್ರಿ. ಮೀಟರ್ ಹಚ್ಚಲು ಬರದಿದ್ದರೆ ನೋಡ್ತಾ ಕೂಡಬ್ಯಾಡ್ರಿ, ಮೊದಲು ಸಕ್ಕರೆ ಕೊಡ್ರಿ. ಅವ್ವ ಮೀಟರ್ ಹಚ್ಚೋದನ್ನೂ ಅವತ್ತೇ ಕಲಿತಳು. ನಾನು ಅಪ್ಪನಿಗೆ ಎರಡು ಸಲ ತೋರಿಸಿದ್ದೆ, ಅವ್ವನಿಗೆ ಒಮ್ಮೆಯೂ ಇಲ್ಲ. ಬೇಕಾದಾಗ ಅಪ್ಪನ ಕೈಯೇ ನಡುಗುತ್ತಿರುತ್ತೆ ಅಂತ ಯೋಚಿಸಿರಲಿಲ್ಲ.

ಈಗ ಆಫೀಸಿನಲ್ಲಿ ಯಾರಾದರೂ, "ನಮ್ಮಪ್ಪನಿಗೆ ಯಾವ ಸ್ವೀಟ್ನರ್ ಕೊಡಿಸ್ಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳೋದು, ಅವರು ಯಾವ ಗುಳಿಗೆ ತಗೋತಾರೆ, ಇನ್ಸುಲಿನ್ ಇದೆಯಾ ಅಂತ. ಬ್ರ್ಯಾಂಡು ಆಮೇಲೆ. ಕೆಲವರಿಗೆ ಬೇಜಾರಾಗುತ್ತೆ, ಲಿಂಕ್ ಕಳಿಸ್ತಾನೆ ಅಂದ್ಕೊಂಡಿರ್ತಾರೆ. ತಮಗೇ ತೂಕ ಇಳಿಸೋಕೆ ಬೇಕು ಅನ್ನೋರಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಅದಕ್ಕಾಗಿ ಇವನ್ನು ಬಳಸಬೇಡಿ ಅಂದದ್ದನ್ನು ಹೇಳ್ತೀನಿ. ಆ ಸಲಹೆ ಈಗಾಗಲೇ ಡಯಾಬಿಟಿಸ್ ಇರುವವರಿಗೆ ಅನ್ವಯಿಸಲ್ಲ ಅಂತಲೂ ಅಲ್ಲೇ ಬರೆದಿದೆ, ಅದನ್ನು ಫಾರ್ವರ್ಡ್ ಮಾಡೋರು ಬಿಟ್ಟುಬಿಡ್ತಾರೆ. ಹಾಗಂತ ಇವು ಔಷಧಿಯೂ ಅಲ್ಲ. ಚೆನ್ನೈನ ಡಾ. ವಿ. ಮೋಹನ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಡಯಾಬಿಟಿಸ್ ಇರುವವರು 12 ವಾರ ಚಹಾ-ಕಾಫಿಗೆ ಸಕ್ಕರೆ ಬದಲು ಸುಕ್ರಲೋಸ್ ಹಾಕಿಕೊಂಡಾಗ ತೂಕ ಸ್ವಲ್ಪ ಇಳಿಯಿತು, ಎಚ್‌ಬಿಎ1ಸಿ ಮಾತ್ರ ಹೇಳಿಕೊಳ್ಳುವಂತೆ ಬದಲಾಗಲಿಲ್ಲ. ಅವರು ನಮ್ಮಪ್ಪನ ಹಾಗೆ ದಿನಕ್ಕೆ ಹದಿನಾಲ್ಕು ಚಮಚದ ಗಿರಾಕಿಗಳಾಗಿರಲಿಕ್ಕಿಲ್ಲ. ಆದರೂ ಚಹಾದ ಚಮಚ ಎಣಿಸಿ ತಟ್ಟೆಯ ಅನ್ನ ಎಣಿಸದಿದ್ದರೆ ಏನಾಗುತ್ತೆ ಅನ್ನೋದು ಅದರಲ್ಲಿ ಕಾಣುತ್ತೆ. ನಮ್ಮ ಸೋದರಮಾವನೂ ಶುಗರ್‌ನವನೇ, ಸಕ್ಕರೆ ಇಲ್ಲದ ಚಹಾ ಕುಡಿದ ಪುಣ್ಯಕ್ಕೆ ಮೂರು ಹೋಳಿಗೆ ತಿನ್ನುವ ಪೈಕಿ. ದೀಪಾವಳಿಗೆ ಯಾರೋ ಕೊಟ್ಟ ಶುಗರ್‌ಲೆಸ್ ಸ್ವೀಟ್ ಡಬ್ಬಿಯನ್ನು ಒಬ್ಬನೇ ಖಾಲಿ ಮಾಡಿದ. ಅದರಲ್ಲಿದ್ದದ್ದು ಮಾಲ್ಟಿಟಾಲ್. ಶುಗರ್ ಸ್ವಲ್ಪ ಏರಿಸುತ್ತೆ, ಹೊಟ್ಟೆಯನ್ನು ಪೂರ್ತಿ ಇಳಿಸುತ್ತೆ. ಡಬ್ಬಿಯ ಹಿಂದೆ ಎಚ್ಚರಿಕೆ ಬರೆದೂ ಇತ್ತು. ಎರಡು ದಿನ ಅವನು ಎಲ್ಲೂ ಹೋಗಲಿಲ್ಲ.

ಸಂಕ್ರಾಂತಿ ಆ ಘಟನೆಯಾದ ಮುಂದಿನ ವಾರವೇ ಬಂದಿತ್ತು. ನಾನು ಊರಿಗೆ ಹೋದೆ. ಕಾಕು ಕುಸುರೆಳ್ಳು ತಂದು ಅಪ್ಪನ ಕೈಯಲ್ಲಿ ನಾಲ್ಕು ಕಾಳು ಇಟ್ಟು, "ಇವತ್ತು ನಿಮ್ಮ ಮಗನ್ನ ಕೇಳಿ ತಿನ್ರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅಪ್ಪ ನಾಲ್ಕೂ ಕಾಳು ತಿಂದ.

ಸಕ್ಕರೆ ಡಬ್ಬಿ ಮನೆಗೆ ವಾಪಸ್ ಬಂದಿದೆ. ಬಂದವರಿಗೆ ಅವ್ವ, "ಸಕ್ರೀದೋ, ಗುಳಿಗೀದೋ?" ಅಂತ ಕೇಳ್ತಾಳೆ. ಓಣಿಯ ಮೂವರು ಗುಳಿಗೀದು ಅಂತಾರಂತೆ, ಅವರಿಗೂ ಶುಗರ್ ಇದ್ದದ್ದು ಹಂಗೇ ನಮಗೆ ಗೊತ್ತಾಗಿದ್ದು. ಅಪ್ಪನ ಚಹಾ ಏಳರಿಂದ ನಾಲ್ಕಕ್ಕೆ ಇಳಿದಿದೆ. ಗುಳಿಗೆಯೂ ಅರ್ಧ ಸಾಕು ಅಂತಾನೆ, ನಾಲಿಗೆ ಕಲಿತುಕೊಂಡಿದೆ. ಟ್ರ್ಯಾಕ್ಟರಿನ ಟೂಲ್‌ಬಾಕ್ಸ್‌ನಲ್ಲಿ ಸ್ಪ್ಯಾನರುಗಳ ನಡುವೆ ಒಂದು ಗ್ಲುಕೋಸ್ ಪುಡಿ ಪ್ಯಾಕೆಟ್ ಇದೆ. ನಾನಿಟ್ಟದ್ದು. ಹೋದ ಸಲ ನೋಡಿದರೆ ಅದರ ಪಕ್ಕ ಫ್ಯಾಕ್ಟರಿಯ ತೂಕದ ಚೀಟಿಯಲ್ಲಿ ಸುತ್ತಿದ ಬೆಲ್ಲದ ಎರಡು ತುಂಡೂ ಇದ್ದವು. "ಇದ್ಯಾಕ?" ಅಂದೆ.

"ನಿಂದ್ ನೀರ್ ಬೇಕು ಕಲಸಾಕ. ಹೊಲದಾಗ ನೀರ್ ಎಲ್ಲಿ ಹುಡುಕ್ಲಿ," ಅಂದ.

ಮೊನ್ನೆಯ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 7.3. ಫೋನ್ ಮಾಡಿ ಹೇಳಿದೆ.

"ರಿಕವರಿ ಬಿತ್ತಲ್ಲೋ," ಅಂದ. "ಕಟಾವು ಹ್ಯಾಂಗ ಮಾಡಬೇಕಿನ್ನ?"